ಎರಡು ಬಡಿತ, ಆಮೇಲೆ ಒಂದು

"ಶ್... ಮಿಡತೆ, ಉಸಿರು ಬಿಡಬೇಡ. ಈಗ ಬರುತ್ತೆ ನೋಡು."

ಅಜ್ಜಿ ಹಲಗೆ ಜಗಲಿಯ ಅಂಚಿನಲ್ಲಿ ನಿಂತು ಕತ್ತು ಮುಂದೆ ಚಾಚಿದ್ದಳು. ಅವಳ ಕಾಲ ಬಳಿ ಮಿಡತೆ ಕಂಬಳಿ ಹೊದ್ದು ಕುಕ್ಕರುಗಾಲಿನಲ್ಲಿ ಕೂತಿದ್ದಳು. ಉದ್ದ ಕಾಲಿನ, ಕೂತಲ್ಲಿ ಕೂರದ ಹುಡುಗಿ. ಅದಕ್ಕೇ ಆ ಹೆಸರು. ಅವಳಿಗೆ ಬೇರೊಂದು ಹೆಸರೂ ಇತ್ತು, ಆದರೆ ಅದನ್ನು ಶಾಲೆಯಲ್ಲಿ ಟೀಚರ್ ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ.

ಎದುರಿಗೆ ಏನೂ ಕಾಣುತ್ತಿರಲಿಲ್ಲ. ಅವರ ಮರದ ಮನೆ ಜೌಗಿನ ನಡುವೆ ಕಂಬಗಳ ಮೇಲೆ ನಿಂತಿತ್ತು. ಕೆಳಗೆ ಕಪ್ಪು ನೀರು, ಸುತ್ತ ಆಳೆತ್ತರದ ಜೊಂಡು. ಬೆಳಗಿನ ಜಾವ ಮಂಜು ಇಳಿದರೆ ನೀರೂ ಇಲ್ಲ, ಜೊಂಡೂ ಇಲ್ಲ. ಮನೆಯೊಂದೇ ಬಿಳಿ ಹತ್ತಿಯಲ್ಲಿ ಸುತ್ತಿಟ್ಟ ಬೊಂಬೆಯ ಹಾಗೆ ಉಳಿಯುತ್ತಿತ್ತು.

ಜಗಲಿಯ ಸೂರಿಗೆ ಒಂದು ಟೊಳ್ಳು ಕೊರಡು ನೇತುಬಿದ್ದಿತ್ತು. ಅಜ್ಜಿ ಮರದ ಸುತ್ತಿಗೆಯಿಂದ ಅದನ್ನು ಬಡಿದಳು. ಟಕ್‌ಟಕ್‌ಟಕ್. ಅದು ಅಪ್ಪನ ಬಡಿತ. ಬಲಗಡೆ ಬಹಳ ದೂರದಿಂದ ಅದೇ ಬಡಿತ ತಿರುಗಿ ಬಂತು. ಜೊಂಡು ಕೊಯ್ಯಲು ಹೋಗಿದ್ದ ಅಪ್ಪ ದೋಣಿ ತಳ್ಳುವ ಗಳವನ್ನು ಅದರ ಅಂಚಿಗೆ ಕುಟ್ಟಿ ಉತ್ತರ ಕೊಟ್ಟಿದ್ದ. ಅಂದರೆ, ನಾನಿದ್ದೇನೆ, ಕ್ಷೇಮ.

ಆ ಮನೆಯಲ್ಲಿ ಹಾಗೆಯೇ. ಮಂಜಿನಲ್ಲಿ ಕೂಗಬಾರದು. ಕೂಗಿದರೆ ದನಿ ಎಲ್ಲ ಕಡೆಯಿಂದಲೂ ಬಂದ ಹಾಗೆ ಕೇಳುತ್ತದೆ, ದಾರಿ ತಪ್ಪುತ್ತದೆ. ಮರದ ಸದ್ದಾದರೆ ನೆಟ್ಟಗೆ ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಡಿತವಿತ್ತು. ಮಕ್ಕಳಿಗೆ ಮಾತ್ರ ಇರಲಿಲ್ಲ. ಮಂಜಿನಲ್ಲಿ ಒಬ್ಬರೇ ದೋಣಿ ನಡೆಸುವಷ್ಟು ದೊಡ್ಡವರಾದ ಮೇಲೆ ಅಜ್ಜಿ ಕೊಡುತ್ತಿದ್ದಳು. ಮಿಡತೆಗೆ ಇನ್ನೂ ಸಿಕ್ಕಿರಲಿಲ್ಲ.

"ಅಜ್ಜಿ, ಅಪ್ಪ ಉತ್ತರ ಕೊಟ್ಟಾಯ್ತಲ್ಲ, ಒಳಗೆ ಹೋಗೋಣ. ಚಳಿ."

"ಸುಮ್ನಿರೇ. ಇನ್ನೊಬ್ಬರು ಬಾಕಿ ಇದ್ದಾರೆ."

ಮಿಡತೆ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು.

ಅಷ್ಟರಲ್ಲಿ ಬಂತು. ಎಡಗಡೆಯಿಂದ. ಮಂದವಾಗಿ.

ಟಕ್... ಟಕ್...

ಮೌನ. ನೀರಿನಲ್ಲಿ ಏನೋ ಬುಳಕ್ ಎಂದಿತು.

ಟಕ್.

ಅದು ಅಜ್ಜನ ಬಡಿತವಾಗಿತ್ತು.

ಅಜ್ಜ ಹೋದ ವರ್ಷ ಇಂಥದೇ ಒಂದು ಬೆಳಿಗ್ಗೆ ಎಡಗಡೆಯ ಜೊಂಡಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿ ಮಾತ್ರ ತಾನೇ ತೇಲಿಕೊಂಡು ಬಂದು ಮನೆಯ ಕಂಬಕ್ಕೆ ತಾಗಿ ನಿಂತಿತು. ಅದರಲ್ಲಿದ್ದ ಫ್ಲಾಸ್ಕಿನೊಳಗೆ ಚಹಾ ಇನ್ನೂ ಬಿಸಿಯಾಗಿತ್ತು. ಎಷ್ಟು ಹುಡುಕಿದರೂ ಜೌಗು ಅಜ್ಜನನ್ನು ಕೊಡಲಿಲ್ಲ.

ಅಜ್ಜಿಯ ಮುಖದಲ್ಲಿ ದೀಪ ಹಚ್ಚಿದಂತಾಯಿತು. ಅವಳು ಬಡಬಡ ಕೊರಡು ಬಡಿದಳು. ಟಕಟಕಟಕಟಕ. ಅದಕ್ಕೆ ಒಂದೇ ಅರ್ಥ. ಮನೆ ಇಲ್ಲಿದೆ, ಬಾ.

ಮಂಜಿನಿಂದ ಯಾರೂ ಬರಲಿಲ್ಲ.

*

ಅದು ಮಾಡು ಹೊದಿಸುವ ವಾರ. ಸೂರಿನ ಹಳೆ ಜೊಂಡು ತೆಗೆದು ಹೊಸದು ಹಾಕಲು ವರ್ಷಕ್ಕೊಮ್ಮೆ ಎಲ್ಲರೂ ಸೇರುತ್ತಿದ್ದರು. ಪಟ್ಟಣದಿಂದ ಬಸ್ ಡ್ರೈವರ್ ದೊಡ್ಡಪ್ಪ ಬಂದಿದ್ದ, ಅವನ ಮಗ ಬಂದಿದ್ದ. ಹಗಲಲ್ಲೂ ಕೈಯಲ್ಲಿ ಟಾರ್ಚ್ ಹಿಡಿದೇ ಓಡಾಡುತ್ತಿದ್ದ ಅವನಿಗೆ ಟಾರ್ಚಣ್ಣ ಅಂತಲೇ ಹೆಸರು. ಹೊಲಿಗೆ ಕೆಲಸದ ಅತ್ತೆಯೂ ಬಂದಿದ್ದಳು. ಒಂದೇ ಕೋಣೆಯ ಮನೆ. ಬೆಳಿಗ್ಗೆ ಗಂಜಿ ಕುಡಿಯಲು ಕೂತರೆ ಒಬ್ಬರ ಮೊಣಕೈ ಇನ್ನೊಬ್ಬರ ಬಟ್ಟಲಿಗೆ.

"ಇವತ್ತೂ ಬಡಿದರು," ಎಂದಳು ಅಜ್ಜಿ ಸಂತೋಷದಿಂದ. "ನಿನ್ನೆಗಿಂತ ಹತ್ತಿರ ಬಂದಿದ್ದಾರೆ."

ಗಂಜಿ ಸೊರಸೊರ ಕುಡಿಯುವ ಸದ್ದು ನಿಂತಿತು.

"ಯಾರಮ್ಮ?" ಎಂದಳು ಅತ್ತೆ. ಅವಳಿಗೆ ಗೊತ್ತಿತ್ತು.

"ಇನ್ಯಾರು? ನಿಮ್ಮಪ್ಪ."

ಅಮ್ಮ ಮೆಲ್ಲಗೆ, "ಮರಕುಟಿಗ ಇರಬೇಕು. ನಾನೂ ಒಂದೆರಡು ಸಲ ಕೇಳಿದ್ದೀನಿ," ಎಂದಳು.

"ಐವತ್ತು ವರ್ಷ ಆ ಬಡಿತಕ್ಕೆ ಉತ್ತರ ಕೊಟ್ಟವಳು ನಾನು. ನನಗೆ ಮರಕುಟಿಗನ ಪಾಠ ಹೇಳ್ತೀಯಾ?"

ಅಜ್ಜಿ ಬಟ್ಟಲು ತೊಳೆಯಲು ಹೊರಗೆ ಹೋದ ಕೂಡಲೇ ಅತ್ತೆ ದನಿ ತಗ್ಗಿಸಿದಳು. "ಇದು ಹೀಗೇ ಬಿಟ್ಟರೆ ಸರಿಹೋಗಲ್ಲ. ತಲೆ ಡಾಕ್ಟರಿಗೆ ತೋರಿಸೋಣ. ನಾಡಿದ್ದು ನನ್ನ ಜೊತೆ ಪಟ್ಟಣಕ್ಕೆ ಕರ್ಕೊಂಡು ಹೋಗ್ತೀನಿ. ಅಲ್ಲೇ ಇರಲಿ."

"ಅಲ್ಲೇ ಅಂದ್ರೆ? ವಾಪಸ್ ಬರಲ್ವಾ?" ಎಂದಳು ಮಿಡತೆ.

"ದೊಡ್ಡೋರ ಮಾತಲ್ಲಿ ಮೂಗು ತೂರಿಸಬೇಡ."

"ನನಗೂ ಕೇಳಿಸ್ತು ಅತ್ತೆ! ನಿಜವಾಗ್ಲೂ!"

"ನಿನಗೆ ಅಜ್ಜಿ ಕೆಮ್ಮಿದರೂ ಹಾಡು ಕೇಳಿಸುತ್ತೆ," ಎಂದ ದೊಡ್ಡಪ್ಪ. ಎಲ್ಲರೂ ನಕ್ಕರು. ಆದರೆ ಯಾರೂ ಬಾಗಿಲಾಚೆಯ ಮಂಜಿನ ಕಡೆ ನೋಡಲಿಲ್ಲ.

ಟಾರ್ಚಣ್ಣ ಅವಳ ಮುಖಕ್ಕೆ ಬೆಳಕು ಬಿಟ್ಟು, "ಅಷ್ಟು ಗ್ಯಾರಂಟಿ ಇದ್ರೆ ಹೋಗಿ ನೋಡ್ಕೊಂಡ್ ಬಾ. ಅಜ್ಜನ ಜೊತೆ ಒಂದು ಫೋಟೋ ತಗೊಂಡ್ ಬಾ," ಎಂದ.

ಹೊರಗೆ ಅಜ್ಜಿಗೆ ಎಲ್ಲ ಕೇಳಿಸಿತ್ತು. ಮಿಡತೆ ಹೋಗಿ ಪಕ್ಕದಲ್ಲಿ ಕೂತಾಗ ಅಜ್ಜಿ ಬಟ್ಟಲು ತೊಳೆದದ್ದನ್ನೇ ತೊಳೆಯುತ್ತಿದ್ದಳು.

"ನಾನು ಹೋದ್ರೆ ಅವರು ಬಡಿದಾಗ ಉತ್ತರ ಕೊಡೋರು ಯಾರು, ಹೇಳು? ಉತ್ತರ ಬರದಿದ್ರೆ ಇಲ್ಲಿ ಮನೆಯಿಲ್ಲ ಅಂದ್ಕೊಂಡು ಇನ್ನೂ ದೂರ ಹೋಗಿಬಿಡ್ತಾರೆ."

ಮಿಡತೆ ಬಟ್ಟಲನ್ನು ಅಜ್ಜಿಯ ಕೈಯಿಂದ ತೆಗೆದು ಒರೆಸಿಟ್ಟಳು. ಆ ಸಂಜೆ ಅವಳು ಮನೆಯ ಹಿಂದೆ ಕಟ್ಟಿದ್ದ ಚಿಕ್ಕ ದೋಣಿಯ ಹಗ್ಗವನ್ನು ಒಂದು ಸಲ ಬಿಚ್ಚಿ ನೋಡಿದಳು. ಸಲೀಸಾಗಿ ಬಿಚ್ಚಿಕೊಂಡಿತು.

*

ಮರುದಿನ ಅಜ್ಜಿ ಜಗಲಿಗೆ ಬರುವ ಮೊದಲೇ ಚಿಕ್ಕ ದೋಣಿ ಮನೆ ಬಿಟ್ಟಿತ್ತು.

ಹತ್ತು ಸಲ ಗಳ ಊರುವಷ್ಟರಲ್ಲಿ ಮನೆ ಮಾಯವಾಯಿತು. ಮಿಡತೆ ತಿರುಗಿ ನೋಡಿದಳು, ಬಿಳುಪು. ಮುಂದೆ ನೋಡಿದಳು, ಅದೇ ಬಿಳುಪು. ತನ್ನ ಕೈಯಲ್ಲಿದ್ದ ಗಳದ ತುದಿಯೇ ಅವಳಿಗೆ ಕಾಣುತ್ತಿರಲಿಲ್ಲ. ಜೊಂಡು ಕೆನ್ನೆ ಸವರಿದಾಗ ಯಾರೋ ತಣ್ಣನೆಯ ಬೆರಳಿಟ್ಟಂತಾಗಿ ಜೀವ ಬಾಯಿಗೆ ಬಂತು.

ಅಜ್ಜ ಸಿಕ್ಕರೆ ಏನು ಕೇಳುವುದು? ಇಷ್ಟು ದಿನ ಊಟಕ್ಕೇನು ಮಾಡಿದೆ ಅಂತಲೇ? ಚಹಾ ಯಾಕೆ ಬಿಟ್ಟು ಹೋದೆ ಅಂತಲೇ? ಅವನು ಮುಖ ತಿರುಗಿಸಿದಾಗ ಅದು ಅಜ್ಜನ ಮುಖವೇ ಆಗಿರುತ್ತದೆಯೇ?

ಆಗ ಅವಳಿಗೆ ಅವರು ಕಂಡರು.

ನೀರಿನಲ್ಲಿ ಸೊಂಟದವರೆಗೆ ಮುಳುಗಿ ಯಾರೋ ನಿಂತಿದ್ದರು. ತೆಳ್ಳಗೆ, ನೆಟ್ಟಗೆ, ಅಲುಗಾಡದೆ. ತಲೆ ಮಾತ್ರ ಕೆಂಪು. ಅವರ ಹಿಂದೆ ಇನ್ನೊಬ್ಬರು. ಅವರ ಹಿಂದೆ ಮತ್ತೊಬ್ಬರು. ಸಾಲಾಗಿ ನಿಂತು ಎಲ್ಲರೂ ಮನೆಯ ಕಡೆಗೇ ಹೊರಟ ಹಾಗಿತ್ತು.

ಮಿಡತೆ ಗಳ ಊರುವುದನ್ನು ನಿಲ್ಲಿಸಿದಳು. ದೋಣಿ ಮಾತ್ರ ನಿಲ್ಲದೆ ಜಾರಿಕೊಂಡು ಹೋಗಿ ಮೊದಲನೆಯವರಿಗೆ ಢಿಕ್ಕಿ ಹೊಡೆಯಿತು.

ಟೊಕ್ ಎಂದಿತು. ಮರ.

ಅದೊಂದು ಗೂಟವಾಗಿತ್ತು. ತಲೆಗೆ ಕೆಂಪು ಬಟ್ಟೆ ಕಟ್ಟಿದ್ದರು.

ಪಕ್ಕದಲ್ಲೇ, ಕಿವಿಗೆ ಬಡಿಯುವಷ್ಟು ಹತ್ತಿರದಲ್ಲಿ: ಟಕ್! ಟಕ್!

ಮೌನ.

ಟಕ್!

ಅವಳು ಜೊಂಡು ಸರಿಸಿ ದೋಣಿ ಮುಂದೆ ತಳ್ಳಿದಳು. ತಗಡಿನ ದೋಣಿಯೊಂದರಲ್ಲಿ ಇಬ್ಬರು ನಿಂತಿದ್ದರು. ಕಿವಿ ಮುಚ್ಚುವ ಉಲ್ಲನ್ ಟೋಪಿಯ ದಪ್ಪನೆಯ ಆಸಾಮಿ ಒಬ್ಬ, ಗೂಟ ಹಿಡಿದ ಹುಡುಗ ಇನ್ನೊಬ್ಬ. ಟೋಪಿಯವನು ಮಂಜಿನಿಂದ ಮೂಡಿದ ಪುಟ್ಟ ಮುಖ ನೋಡಿದ್ದೇ ತಡ, "ಅಯ್ಯಯ್ಯೋ! ಬಂತು!" ಎಂದು ಕಿರುಚಿ ಸುತ್ತಿಗೆ ಕೈಬಿಟ್ಟ. ಅದು ಗುಳುಂ ಎಂದು ಮುಳುಗಿತು.

"ನೀನು... ನೀನು ಮನುಷ್ಯಳೇ ತಾನೇ?"

"ನೀವು?" ಎಂದಳು ಮಿಡತೆ. ಅವಳ ಹಲ್ಲುಗಳೂ ಕಟಕಟ ಎನ್ನುತ್ತಿದ್ದವು.

"ಏನು ನೀವು?"

"ನೀವು ಮನುಷ್ಯರೇನಾ?"

ಅವನು ಉತ್ತರ ಕೊಡುವ ಮೊದಲೇ ಮಂಜಿನಾಚೆಯಿಂದ ಟಕಟಕಟಕಟಕ ಎಂದು ಕೇಳಿಬಂತು. ತಗಡಿನ ದೋಣಿಯ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು.

"ಕೇಳಿದ್ಯಾ? ನಾವು ಹೊಡೆದ ಹಿಂದೆಯೇ ಬರುತ್ತೆ! ದಿನಾ! ಇದಕ್ಕೇ ಹೆದರಿ ಒಬ್ಬ ಕೆಲಸ ಬಿಟ್ಟು ಓಡಿಹೋದ. ಜೌಗಿನ ದೆವ್ವ ಅದು."

"ಅದು ನಮ್ಮಜ್ಜಿ."

"ಅಜ್ಜಿ? ಇಲ್ಲಿ ಯಾರೂ ಇಲ್ಲ ಅಂದಿದ್ರಲ್ಲ ಸಾಹೇಬ್ರು. ಮ್ಯಾಪಲ್ಲಿ ಖಾಲಿ ಜಾಗ ಅಂತ ಇದೆ."

"ಖಾಲಿನಾ? ಮತ್ತೆ ನಾನು? ನಮ್ಮನೆ? ನಮ್ಮ ದೋಣಿ?"

ಟೋಪಿಯವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾನು ಕೂಲಿಯವನಮ್ಮ. ಹೊಡಿ ಅಂದ್ರೆ ಹೊಡಿತೀನಿ. ಈ ಗೂಟದಿಂದ ಆ ಗೂಟದವರೆಗೆ ಮಣ್ಣು ತುಂಬ್ತಾರಂತೆ. ಲಾರಿಗಳು ಆಗಲೇ ರಸ್ತೆ ಹತ್ರ ಬಂದು ನಿಂತಿವೆ. ಆಮೇಲೆ ಏನೋ ದೊಡ್ಡ ಗೋಡೌನ್ ಅಂತೆ."

"ಇಷ್ಟು ಬೆಳಗ್ಗೆ, ಮಂಜಲ್ಲಿ ಯಾಕೆ ಹೊಡೀತೀರಿ?"

"ಬೆಳಕಲ್ಲಿ ಮಾಡೋ ಕೆಲಸ ಆಗಿದ್ರೆ ಬೆಳಕಲ್ಲೇ ಮಾಡಿಸ್ತಿದ್ರು," ಎಂದ ಗೂಟ ಹಿಡಿದ ಹುಡುಗ.

ಮಿಡತೆ ಕೇಳಬೇಕಾದದ್ದು ಇನ್ನೊಂದಿತ್ತು.

"ಎರಡು ಬಡಿದು, ನಿಲ್ಲಿಸಿ, ಆಮೇಲೆ ಒಂದು... ಹಾಗೇ ಯಾಕೆ ಬಡೀತೀರಿ?"

"ಎರಡು ಪೆಟ್ಟು ಹೊಡೀತೀವಿ. ಗೂಟ ನೆಟ್ಟಗಿದೆಯಾ ಅಂತ ನೋಡ್ತೀವಿ. ಆಮೇಲೆ ಕೊನೇದೊಂದು. ಕೆಸರಲ್ವಾ? ಜಾಸ್ತಿ ಹೊಡೆದ್ರೆ ಗೂಟ ಮುಳುಗೇ ಹೋಗುತ್ತೆ."

ಅಷ್ಟೇ. ಅಷ್ಟೇ ಆಗಿತ್ತು ಅದು.

ಅಜ್ಜ ಸಿಕ್ಕಿಬಿಟ್ಟರೆ ಎಂದು ಹೆದರಿದ್ದಳು ಮಿಡತೆ. ಈಗ ನೋಡಿದರೆ ಅವನು ಸಿಗಲಿಲ್ಲ ಎಂದು ಕಣ್ಣು ತುಂಬಿಕೊಳ್ಳುತ್ತಿತ್ತು.

ಅವಳು ಕೈಚಾಚಿ ಒಂದು ಗೂಟದ ಕೆಂಪು ಬಟ್ಟೆಯನ್ನು ಬಿಚ್ಚಿದಳು. ಟೋಪಿಯವನು ಬೇರೆ ಕಡೆ ಮುಖ ತಿರುಗಿಸಿ, "ನಾನೇನೂ ನೋಡಿಲ್ಲಪ್ಪ. ಕೇಳಿದ್ರೆ ದೆವ್ವ ತಗೊಂಡು ಹೋಯ್ತು ಅಂತೀನಿ," ಎಂದ.

ಬಂದ ದಾರಿ ಯಾವುದೆಂದು ಮಿಡತೆಗೆ ತಿಳಿಯಲಿಲ್ಲ. ಅಜ್ಜಿಯ ಕೊರಡು ಮತ್ತೆ ಬಡಿಯಿತು. ಮನೆ ಇಲ್ಲಿದೆ, ಬಾ. ಅಜ್ಜನನ್ನು ಕರೆಯುತ್ತಿದ್ದ ಆ ಸದ್ದನ್ನೇ ಹಿಡಿದು ಅವಳು ಮನೆಯ ಕಡೆ ಬಂದಳು.

ಮಂಜಿನಿಂದ ದೋಣಿಯ ಮೂತಿ ಹೊರಬಂದಾಗ ಜಗಲಿಯಲ್ಲಿ ಅಜ್ಜಿ ಎರಡೂ ಕೈ ಎದೆಗೆ ಒತ್ತಿಕೊಂಡಳು. ಅವಳ ಮುಖ ಹುಡುಗಿಯ ಮುಖದಂತಾಗಿತ್ತು.

"ಬಂದ್ರಾ?" ಎಂದಳು, ಕೇಳಿಸುವುದೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಮಿಡತೆ ಎದ್ದು ನಿಂತಳು. ಅಜ್ಜಿಯ ಮುಖ ಮತ್ತೆ ಮುದಿಯಾಯಿತು. ಆದರೆ ಬೈಯಲಿಲ್ಲ. ಮಿಡತೆಯ ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿ ಒಳಗೆ ಕರೆದುಕೊಂಡು ಹೋದಳು. ಕೆಂಪು ಬಟ್ಟೆ ಮಿಡತೆಯ ಜೇಬಿನಲ್ಲೇ ಉಳಿಯಿತು.

*

ಹಗಲೆಲ್ಲ ಮಾಡಿನ ಕೆಲಸ. ಅಪ್ಪ, ದೊಡ್ಡಪ್ಪ ಮೇಲೆ. ಕೆಳಗಿನಿಂದ ಮಿಡತೆ ಜೊಂಡಿನ ಕಟ್ಟು ಎತ್ತಿ ಕೊಡುತ್ತಿದ್ದಳು. ಜೇಬಿನ ಒದ್ದೆ ಬಟ್ಟೆ ತೊಡೆಗೆ ಅಂಟಿ ತಣ್ಣಗೆ ಕೊರೆಯುತ್ತಿತ್ತು.

ಹೇಳಿದರೆ ಅಜ್ಜಿಗೆ ಹುಚ್ಚಿಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಅಜ್ಜನೂ ಇಲ್ಲ ಎಂದು ಅಜ್ಜಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಅಜ್ಜಿ ಅತ್ತೆಯ ಜೊತೆ ಹೋಗಬೇಕು, ಗೂಟಗಳು ಒಂದೊಂದೇ ಮನೆಯ ಹತ್ತಿರ ಬರುತ್ತವೆ.

"ಏನೇ ಮಿಡತೆ, ಇವತ್ತು ಕುಣಿತ ಇಲ್ಲ? ಕಾಲು ಬ್ಯಾಂಕಲ್ಲಿ ಇಟ್ಟು ಬಂದಿದ್ದೀಯಾ?" ಎಂದ ದೊಡ್ಡಪ್ಪ ಮೇಲಿನಿಂದ. ಅವಳು ನಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಒಳಗೆ ಬಂದಾಗ ಅತ್ತೆ ಮೂಲೆಯಲ್ಲಿ ಅಜ್ಜಿಯ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಅಜ್ಜಿ ಸುಮ್ಮನೆ ನೋಡುತ್ತಿದ್ದಳು. ಕಂಬಳಿಯನ್ನೂ ಚೀಲಕ್ಕೆ ತುರುಕಿದಾಗ ಮಿಡತೆಗೆ ತಡೆಯಲಾಗಲಿಲ್ಲ. ಕೆಂಪು ಬಟ್ಟೆಯನ್ನು ತೆಗೆದು ಅಜ್ಜಿಯ ಮುಂದೆ ಇಟ್ಟಳು.

ಎಲ್ಲವನ್ನೂ ಹೇಳಿದಳು. ಮಾತು ಅಲ್ಲಲ್ಲಿ ಮುಗ್ಗರಿಸಿತು, ಆದರೆ ಏನನ್ನೂ ಬಿಡಲಿಲ್ಲ.

ಯಾರೂ ಉಣ್ಣಲಿಲ್ಲ. ಟಾರ್ಚಣ್ಣನ ಟಾರ್ಚ್ ಬೆಳಗುತ್ತಲೇ ಇತ್ತು, ಆರಿಸಲು ಅವನು ಮರೆತಿದ್ದ.

ಅಜ್ಜಿ ಬಟ್ಟೆಯನ್ನು ಹಿಂಡಿದಳು. ಕಪ್ಪು ನೀರು ತೊಟ್ಟಿಕ್ಕಿತು. "ಗೂಟ ನೆಟ್ಟಗಿದೆಯಾ ನೋಡೋಕಾ ನಿಲ್ಲಿಸ್ತಿದ್ದದ್ದು?"

"ಹೂಂ, ಅಜ್ಜಿ."

"ಸರಿ," ಎಂದಳು ಅಜ್ಜಿ. ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಅತ್ತೆ ಚೀಲದಿಂದ ಕಂಬಳಿ ತೆಗೆದು ಅವಳಿಗೆ ಹೊದಿಸಿದಳು.

"ಗೂಟ ಎಲ್ಲ ಕಿತ್ತು ಬಿಸಾಕ್ತೀನಿ," ಎಂದ ಅಪ್ಪ, ಹಲ್ಲು ಕಚ್ಚಿ.

"ಕಿತ್ತರೆ ಮತ್ತೆ ನೆಡ್ತಾರೆ," ಎಂದಳು ಅಮ್ಮ. "ಕಳ್ಳರ ಹಾಗೆ ಬಂದಿದ್ದಾರೆ. ಇಲ್ಲಿ ಯಾರೂ ಇಲ್ಲ ಅಂತ ತಾನೇ ಬರ್ಕೊಂಡಿರೋದು? ಎಷ್ಟು ಜನ ಇದ್ದೀವಿ ಅಂತ ಮೊದಲು ಕಿವಿಯಾರೆ ಕೇಳಲಿ. ಆಮೇಲೆ ಬೆಳಕಲ್ಲಿ, ಮುಖ ನೋಡ್ಕೊಂಡು ಮಾತಾಡೋಣ."

"ನನಗೆ ನಾಳೆ ಡ್ಯೂಟಿ ಇದೆ..." ಎಂದು ಶುರು ಮಾಡಿದ ದೊಡ್ಡಪ್ಪ. ಅಜ್ಜಿಯ ಬೆನ್ನು ನೋಡಿ ಮಾತು ನುಂಗಿದ. "ಬಸ್ಸು ಒಂದಿನ ಕಾಯಲಿ ಬಿಡು."

ಅಪ್ಪ ಆಚೆ ದಡದವರ ಹತ್ತಿರ ದೋಣಿಗಳನ್ನು ಕೇಳಿ ತಂದ. ಮಿಡತೆಗೂ ಚಿಕ್ಕ ದೋಣಿ ಕೊಡಬೇಕೇ ಎಂದು ಸ್ವಲ್ಪ ಹೊತ್ತು ವಾದವಾಯಿತು. "ಇಲ್ಲಿರೋರಲ್ಲಿ ಆ ಗೂಟಗಳನ್ನ ನೋಡಿರೋದು ಅವಳೊಬ್ಬಳೇ," ಎಂದ ಟಾರ್ಚಣ್ಣ. ಅವನ ಬಾಯಿಂದ ಆ ಮಾತು ಬಂದದ್ದು ಅವನಿಗೇ ಆಶ್ಚರ್ಯವಾದಂತಿತ್ತು.

*

ಮರುದಿನ ಬೆಳಗಿನ ಜಾವ ಅಜ್ಜಿ ಏಳಲಿಲ್ಲ. ಕೊರಡು ಮಂಜಿನಲ್ಲಿ ಸುಮ್ಮನೆ ನೇತಾಡುತ್ತಿತ್ತು. ಮಿಡತೆ ಹೊರಡುವಾಗ, "ಅಜ್ಜಿ, ಹೋಗಿ ಬರ್ತೀನಿ," ಎಂದಳು. ಅಜ್ಜಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು.

ದೋಣಿಗಳು ಒಂದೊಂದಾಗಿ ಮಂಜಿನೊಳಗೆ ಕರಗಿದವು. ಎಡಗಡೆಯ ಜೊಂಡಿನ ಸುತ್ತ ಒಬ್ಬೊಬ್ಬರು ಒಂದೊಂದು ಕಡೆ ನಿಂತರು. ಯಾರಿಗೂ ಯಾರೂ ಕಾಣರು. ಕೆಂಪು ತಲೆಯ ಗೂಟಗಳ ನಡುವೆ ಮಿಡತೆ ಒಬ್ಬಳೇ. ನೀರು ದೋಣಿಯ ತಳವನ್ನು ನಾಯಿಯಂತೆ ನೆಕ್ಕುತ್ತಿತ್ತು.

ಟಕ್... ಟಕ್...

ಟಕ್.

ಗೂಟ ಹೊಡೆಯುವವರು ಬಂದಿದ್ದರು. ಇವತ್ತು ಮನೆಯ ಕಡೆಯಿಂದ ಉತ್ತರವಿಲ್ಲ.

ಬಲಗಡೆ ಯಾರೋ ಬಡಿದರು. ಟಕ್‌ಟಕ್‌ಟಕ್. ಅಪ್ಪ! ಅದರ ಹಿಂದೆ ಅಮ್ಮನದು, ಒಂದು ನಿಧಾನ, ಎರಡು ಬೇಗ. ದೊಡ್ಡಪ್ಪನದು ಹಾರ್ನ್ ಒತ್ತಿದ ಹಾಗೆ ಗಡುಸು. ಅತ್ತೆಯದು ಹೊಲಿಗೆ ಮಷೀನಿನಂತೆ ಓಡಿತು. ಹೋದ ವರ್ಷವಷ್ಟೇ ಅಜ್ಜಿಯಿಂದ ಬಡಿತ ಪಡೆದಿದ್ದ ಟಾರ್ಚಣ್ಣ ಅವಸರದಲ್ಲಿ ಒಂದು ಜಾಸ್ತಿ ಬಡಿದ. ಮುಂದೆ, ಹಿಂದೆ, ಎಡ, ಬಲ, ಮಂಜಿನ ಎಲ್ಲ ಮೂಲೆಯಿಂದಲೂ ಮರ ಮಾತಾಡಿತು. ಮಿಡತೆಗೆ ಯಾರು ಯಾರೆಂದು ಗೊತ್ತಿತ್ತು. ಆದರೂ ಕತ್ತು ಹೊರಳಿಸಿ ಹಿಂದೆ ನೋಡಿದಳು.

ಗೂಟದ ಸದ್ದು ನಿಂತುಹೋಯಿತು.

"ಯಾರದು?" ಹೊಸ ದನಿ, ಸಾಹೇಬನದಿರಬೇಕು. "ಯಾರ್ರೀ ಅಲ್ಲಿ? ಎಷ್ಟು ಜನ ಇದ್ದೀರಿ?" ದನಿ ಒಡೆಯಿತು.

"ನಾನು ಹೇಳಿರಲಿಲ್ವಾ ಸಾರ್," ಎಂದಿತು ಟೋಪಿಯವನ ದನಿ. ಅದರಲ್ಲಿ ನಗುವಿತ್ತೋ ಏನೋ.

ಸದ್ದೆಲ್ಲ ಅಡಗಿತು. ಹಕ್ಕಿಯೂ ಕೂಗಲಿಲ್ಲ.

ಆಗ ಮನೆಯ ಕಡೆಯಿಂದ ಬಂತು.

ಟಕ್... ಟಕ್...

ಟಕ್.

ಮಿಡತೆ ಗಳವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಜ್ಜಿ ಎದ್ದಿದ್ದಳು. ಕೊರಡಿನ ಮೇಲೆ ಅಜ್ಜನ ಬಡಿತ ಬಡಿದು, ಉತ್ತರಕ್ಕೆ ಕಾಯುತ್ತಿದ್ದಳು.

ಯಾರು ಉತ್ತರ ಕೊಡಬೇಕು? ಅಪ್ಪ ಬಡಿಯಲಿಲ್ಲ. ದೊಡ್ಡಪ್ಪನೂ ಬಡಿಯಲಿಲ್ಲ. ಅದು ಅವರದ್ದಲ್ಲ. ಅವರವರಿಗೆ ಅವರವರದ್ದಿದೆ.

ಅಜ್ಜಿ ಮತ್ತೆ ಬಡಿದಳು. ಈ ಸಲ ಇನ್ನೂ ಸ್ಪಷ್ಟವಾಗಿ. ಯಾರೋ ಹೆಸರು ಹಿಡಿದು ಕರೆದ ಹಾಗೆ.

ಆ ಮಂಜಿನಲ್ಲಿ ಬಡಿತವಿಲ್ಲದೆ ನಿಂತಿದ್ದವರು ಒಬ್ಬರೇ ಒಬ್ಬರು.

ಮಿಡತೆ ಗಳವನ್ನೆತ್ತಿದಳು. ದೋಣಿಯ ಅಂಚಿಗೆ ಕುಟ್ಟಿದಳು. ಟಕ್. ಟಕ್. ನಿಲ್ಲಿಸಿದಳು. ನಿಲ್ಲಿಸಿದ ಆ ಹೊತ್ತಿನಲ್ಲಿ ಜೊಂಡಿನ ತುದಿಯಿಂದ ಹನಿ ಬಿದ್ದ ಸದ್ದು ಕೇಳಿತು, ತನ್ನ ಎದೆಯ ಸದ್ದೂ ಕೇಳಿತು. ಆಮೇಲೆ, ಟಕ್.

ಬಹಳ ಹೊತ್ತು ಏನೂ ಇಲ್ಲ.

ಆಮೇಲೆ ಟಕಟಕಟಕಟಕ. ಮನೆ ಇಲ್ಲಿದೆ, ಬಾ.

ಮಿಡತೆ ದೋಣಿ ತಿರುಗಿಸಿದಳು. ಗೂಟ ಹೊಡೆಯುವ ಸದ್ದು ಮತ್ತೆ ಕೇಳಿಬರಲಿಲ್ಲ. ದೂರದ ರಸ್ತೆಯಲ್ಲಿ ಲಾರಿಯೊಂದು ಸ್ಟಾರ್ಟ್ ಆದ ಸದ್ದು. ಹೋಗುತ್ತಿದೆಯೋ ಬರುತ್ತಿದೆಯೋ ಮಂಜಿನಲ್ಲಿ ತಿಳಿಯಲಿಲ್ಲ. ಹಿಂದೆ ಅಪ್ಪನ ಗಳ ನೀರಿಗೆ ಬೀಳುವುದು ಕೇಳಿಸಿತು, ಅದರ ಹಿಂದೆ ಇನ್ನೊಂದು, ಮತ್ತೊಂದು.

ಜಗಲಿಯಲ್ಲಿ ಅಜ್ಜಿ ನಿಂತಿದ್ದಳು. ಕಣ್ಣುಗಳು ಕೆಂಪಾಗಿದ್ದವು. ಈ ಸಲ ಅವಳು ಮಿಡತೆಯ ಹಿಂದಿನ ಮಂಜನ್ನು ನೋಡಲಿಲ್ಲ, ಮಿಡತೆಯನ್ನೇ ನೋಡಿದಳು.

"ಬಾ ಬಾ," ಎಂದಳು. "ಕಾಲು ಒರೆಸ್ಕೊಂಡು ಬಾ. ಚಹಾ ಆರಿಹೋಗ್ತಿದೆ."